ಶಿಕ್ಷಣ ಸಂಸ್ಥೆಗೂ ಬೇಕು ಆತ್ಮಾವಲೋಕನ

ಸದ್ಭಕ್ತರ ದಾಸೋಹದಿಂದ ಬೆಳೆದ ಕಾಲೇಜುಗಳ ಗುಣಮಟ್ಟವನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಪಾಲಕರಲ್ಲಿ ಮೂಡುವುದು ಸಹಜ. 1994ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) ಇದಕ್ಕಾಗಿ ಏಳು ಮಾನದಂಡಗಳನ್ನು ರೂಪಿಸಿತು: ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಾಂಸ್ಥಿಕ ಮೌಲ್ಯಗಳು. ಭವ್ಯ ಕಟ್ಟಡವು ಇವುಗಳಲ್ಲಿ ಒಂದರ ಭಾಗ ಮಾತ್ರ.

ತಜ್ಞರ ತಂಡ ಬರುವ ಮುನ್ನಾದಿನ ಗೋಡೆಗೆ ಸುಣ್ಣ ಬಳಿದರೆ ಗುಣಮಟ್ಟ ಹೆಚ್ಚದು. ಆದ್ದರಿಂದಲೇ ಮಾನ್ಯತೆ ಪಡೆದ ಕಾಲೇಜು ಆಂತರಿಕ ಗುಣಮಟ್ಟ ಭರವಸಾ ಕೋಶವನ್ನು ಹೊಂದಿ, ಪ್ರತಿ ವರ್ಷವೂ ವರದಿ ಸಲ್ಲಿಸಬೇಕು. ಯಾವ ವಿಷಯದಲ್ಲಿ ಹೆಚ್ಚು ಮಕ್ಕಳು ಅನುತ್ತೀರ್ಣರಾದರು, ಯಾರು ನಡುವೆಯೇ ಓದು ಬಿಟ್ಟರು, ಏಕೆ ಬಿಟ್ಟರು ಎಂದು ವಿಚಾರಿಸಿ, ಪರಿಹಾರ ಯೋಜಿಸಿ, ಮರುವರ್ಷ ಅದರ ಫಲವನ್ನು ಅಳೆಯುವುದೇ ಸುಧಾರಣೆಯ ದಾರಿ. ಕೊರತೆಯನ್ನು ಮುಚ್ಚಿಟ್ಟ ವರದಿ ಶ್ರೇಣಿ ತಂದೀತು. ಮಕ್ಕಳಿಗೆ ವಿದ್ಯೆ ತಾರದು.

ಈ ಕೋಶದಲ್ಲಿ ಅಧ್ಯಾಪಕರೊಡನೆ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಹಾಗೂ ಸ್ಥಳೀಯ ಸಮಾಜದ ಪ್ರತಿನಿಧಿಗಳಿಗೂ ಸ್ಥಾನವಿದೆ. ಭಕ್ತರು ಅದನ್ನು ಕೇವಲ ಗೌರವವೆಂದು ಭಾವಿಸದೆ, ನಿರ್ಭೀತಿಯಿಂದ ಪ್ರಶ್ನಿಸುವ ಹೊಣೆಯೆಂದು ತಿಳಿಯಬೇಕು. ದಾಸೋಹದ ಪ್ರತಿ ಕಾಣಿಕೆಗೂ ಪ್ರಾಮಾಣಿಕ ಲೆಕ್ಕವಿರುವಂತೆ, ಪ್ರತಿ ವಿದ್ಯಾರ್ಥಿಯ ಕಲಿಕೆಗೂ ಲೆಕ್ಕವಿರಲಿ.