ರೋಗವೊಂದು, ಒಡಲು ಹಲವು

ಬೀಜ ಒಂದೇ ಆದರೂ ಬೆಳೆ ನೆಲಕ್ಕೆ ತಕ್ಕಂತೆ. ರೋಗದ ಮಾತೂ ಹಾಗೆಯೇ. ದಡಾರವನ್ನು ತರುವ ವೈರಸ್ ಒಂದೇ. ಆದರೆ ಒಂದು ಮಗು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರೆ, ಮತ್ತೊಂದು ಕಣ್ಣನ್ನೋ ಪ್ರಾಣವನ್ನೋ ಕಳೆದುಕೊಳ್ಳುತ್ತದೆ.

ಈ ಭೇದಕ್ಕೆ ಒಂದು ಕಾರಣ ಹುಟ್ಟಿನೊಡನೆ ಬರುವುದು. ವೈರಸ್ ಹೊಕ್ಕಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ತಂದೆತಾಯಿಗಳಿಂದ ಬಂದ ಜೀನುಗಳ ದೋಷದಿಂದ, ಅತಿ ವಿರಳವಾಗಿ ಕೆಲವು ಮಕ್ಕಳಲ್ಲಿ ಈ ಎಚ್ಚರಿಕೆ ಫಲಿಸದು.

ಇನ್ನೊಂದು ಕಾರಣ ಆಹಾರದಲ್ಲಿದೆ. ಕಣ್ಣು, ಶ್ವಾಸನಾಳ, ಕರುಳುಗಳ ಒಳಪೊರೆಯನ್ನು ಕಾಯುವುದು ‘ಎ’ ಜೀವಸತ್ವ. ಲಂಡನ್ನಿನಲ್ಲಿ ಎಲಿಸನ್ ಎಂಬ ವೈದ್ಯರು ದಡಾರದಿಂದ ನರಳುತ್ತಿದ್ದ 600 ಮಕ್ಕಳಲ್ಲಿ 300 ಮಂದಿಗೆ ಈ ಜೀವಸತ್ವವನ್ನು ಯಕೃತ್ತಿನ ಎಣ್ಣೆಯ ರೂಪದಲ್ಲಿ ಕೊಟ್ಟು, 1932ರಲ್ಲಿ ಫಲವನ್ನು ಪ್ರಕಟಿಸಿದರು. ಅದನ್ನು ಪಡೆದವರಲ್ಲಿ 11 ಮಕ್ಕಳು ಸತ್ತರೆ, ಪಡೆಯದವರಲ್ಲಿ 26 ಮಕ್ಕಳು ಸತ್ತಿದ್ದರು.

ಇಂದು ವಿಶ್ವ ಆರೋಗ್ಯ ಸಂಸ್ಥೆಯು ದಡಾರ ಬಂದ ಮಕ್ಕಳಿಗೆಲ್ಲ ಎರಡು ದಿನ ‘ಎ’ ಜೀವಸತ್ವವನ್ನು ಕೊಡಬೇಕೆಂದು ಹೇಳುತ್ತದೆ. ಅದು ಲಸಿಕೆಗೆ ಬದಲಿಯಲ್ಲ. ಅಳತೆ ಮೀರಿದರೆ ವಿಷವೂ ಆದೀತು. ಹುಟ್ಟು ನಮ್ಮ ಕೈಯಲ್ಲಿಲ್ಲ. ಮಗುವಿನ ತಟ್ಟೆಗೆ ಹಾಲು, ಸೊಪ್ಪು, ಹಣ್ಣುಗಳನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.