ಪಾಠಯೋಜನೆಯಲ್ಲಿ ಪುಟಸಂಖ್ಯೆ: ಪಿಡಿಎಫ್ ಪಠ್ಯವನ್ನು ಕಮಾಂಡ್ ಮೂಲಕ ತೋರಿಸುವ ಕ್ರಮ

ಪ್ರೊಜೆಕ್ಟರ್ ಇರುವ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಚಾರ್ಟಿನ ಜೊತೆಗೆ, ಕೆಲವೊಮ್ಮೆ ಚಾರ್ಟಿನ ಬದಲಿಗೆ, ಪಠ್ಯಪುಸ್ತಕದ ಪಿಡಿಎಫ್ ಪುಟವನ್ನು ತೋರಿಸುವುದುಂಟು. ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಚಾರ್ಟನ್ನು ಸುತ್ತಿಟ್ಟು, ಹೊತ್ತು ಬಂದಾಗ ಬಿಡಿಸುತ್ತೇವೆ. ಅಲ್ಲಿಯವರೆಗೆ ಅದರಲ್ಲಿ ಏನಿದೆ ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಪಿಡಿಎಫ್ ಹಾಗಲ್ಲ. ಬೇಕಾದ ಪುಟಕ್ಕೆ ಮೌಸ್‌ನಿಂದ ಸರಿಸುತ್ತಾ ಹೋಗುವಾಗ ಬೇಡದ ಹತ್ತು ಪುಟಗಳೂ ಮಕ್ಕಳ ಕಣ್ಣಮುಂದೆ ಹಾದುಹೋಗುತ್ತವೆ.

ಜೀವಕೋಶದ ಪಾಠವನ್ನೇ ನೋಡಿ. ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಬಿಡಿಸಿ ಎಂದು ಮಕ್ಕಳಿಗೆ ಹೇಳುವುದು ಪಾಠದ ಮೊದಲ ಹಂತ. ಭಾಗಗಳನ್ನು ಗುರುತಿಸಿದ ಚಿತ್ರವನ್ನು ತೋರಿಸುವುದು ಆಮೇಲಿನ ಹಂತ. ಪುಟ ಸರಿಸುವಾಗ ಆ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಮಕ್ಕಳು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಟ್ಟು ಪುಸ್ತಕದ ಚಿತ್ರವನ್ನೇ ಬಿಡಿಸುತ್ತಾರೆ. ಅನ್ವೇಷಣೆಯ ಪಾಠ ನಕಲಿನ ಪಾಠವಾಗುತ್ತದೆ. ಜೊತೆಗೆ, ಪುಟ ಹುಡುಕುವಷ್ಟು ಹೊತ್ತು ಬೋಧಕರ ಗಮನ ತರಗತಿಯಿಂದ ದೂರವಿರುತ್ತದೆ.

ಪಿಡಿಎಫ್ ತೋರಿಸುವ ಹಲವು ತಂತ್ರಾಂಶಗಳಿಗೆ ಯಾವ ಪುಟವನ್ನು, ಹೇಗೆ ತೋರಿಸಬೇಕೆಂಬುದನ್ನು ಒಂದು ಸಾಲಿನ ಕಮಾಂಡ್‌ನಲ್ಲಿ ಮೊದಲೇ ಹೇಳಿಡಬಹುದು. ಹೀಗೆ ಮಾಡಿದರೆ ಪುಟವನ್ನು ಆರಿಸುವ ಕೆಲಸ ತರಗತಿಯಲ್ಲಲ್ಲ, ಪಾಠಯೋಜನೆ ಬರೆಯುವಾಗಲೇ ಮುಗಿಯುತ್ತದೆ.

ಕಮಾಂಡ್‌ನ ರಚನೆ

ಕಮಾಂಡ್‌ಗೆ ಮೂರು ಭಾಗಗಳು: ತಂತ್ರಾಂಶದ ಹೆಸರು, ಆಯ್ಕೆಗಳು, ಕಡತದ ಹೆಸರು. ಆಯ್ಕೆಗಳ ಹಿಂದೆ ಒಂದು ಅಥವಾ ಎರಡು ಅಡ್ಡಗೆರೆ ಇರುತ್ತದೆ. ಉಬುಂಟು ಜೊತೆಯಲ್ಲೇ ಬಹುಕಾಲ ಬರುತ್ತಿದ್ದ ಎವಿನ್ಸ್ ತಂತ್ರಾಂಶದಲ್ಲಿ ಅದು ಹೀಗಿರುತ್ತದೆ:

ಎವಿನ್ಸ್ --ಪೇಜ್-ಇಂಡೆಕ್ಸ್=57 ವಿಜ್ಞಾನ.ಪಿಡಿಎಫ್

ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದಲ್ಲಿ ತಂತ್ರಾಂಶದ ಹೆಸರು ಮತ್ತು ಆಯ್ಕೆಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕಾಗುಣಿತದಲ್ಲಿ ಸಂಶಯ ಬಂದರೆ ಎವಿನ್ಸ್ ಅಥವಾ ಆಕ್ಯುಲರ್ ಹೆಸರಿನ ಮುಂದೆ --ಹೆಲ್ಪ್ ಎಂದು ಸೇರಿಸಿ ಎಂಟರ್ ಒತ್ತಿ. ಆ ತಂತ್ರಾಂಶದ ಆಯ್ಕೆಗಳ ಪಟ್ಟಿ ಟರ್ಮಿನಲ್‌ನಲ್ಲಿ ಬರುತ್ತದೆ.

ತರಗತಿಗೆ ಬೇಕಾಗುವ ಆಯ್ಕೆಗಳು ಮೂರೇ. ಪುಟವನ್ನು ಹೇಳುವುದು ಒಂದು. ಪರದೆಯ ತುಂಬ ಆ ಪುಟವನ್ನಷ್ಟೇ ತೋರಿಸುವ --ಪ್ರೆಸೆಂಟೇಷನ್ ಇನ್ನೊಂದು. ಇದರಿಂದ ಮೆನು, ಪಕ್ಕದ ಪುಟಗಳ ಸಣ್ಣ ಚಿತ್ರಗಳು ಯಾವುವೂ ಕಾಣುವುದಿಲ್ಲ. ಪದವನ್ನು ಹುಡುಕಿಸುವ --ಫೈಂಡ್ ಮೂರನೆಯದು. ಕೆಡಿಇ ಬಳಗದ ಆಕ್ಯುಲರ್‌ನಲ್ಲೂ --ಪೇಜ್, --ಪ್ರೆಸೆಂಟೇಷನ್, --ಫೈಂಡ್ ಇವೆ. ವಿಂಡೋಸ್ ಗಣಕವಾದರೆ ಸುಮಾತ್ರಾ ಪಿಡಿಎಫ್ ಅನುಕೂಲ. ಅದರ ಆಯ್ಕೆಗಳಿಗೆ ಒಂದೇ ಅಡ್ಡಗೆರೆ: -ಪೇಜ್ 57, -ಪ್ರೆಸೆಂಟೇಷನ್. ಅದರ ಪೋರ್ಟಬಲ್ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ಹೀಗಾಗಿ ಅಭ್ಯಾಸ ಶಾಲೆಯ ಗಣಕದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಪುಸ್ತಕದ ಪುಟವೇ ಬೇರೆ, ಕಡತದ ಪುಟವೇ ಬೇರೆ

ಹೊಸಬರು ತೊಡಕಿಗೆ ಸಿಕ್ಕುವುದು ಇಲ್ಲಿ. ಪಠ್ಯಪುಸ್ತಕದ ಮೊದಲಿಗೆ ಹೊದಿಕೆ, ಮುನ್ನುಡಿ, ಸಮಿತಿಯ ಹೆಸರುಗಳು, ಪರಿವಿಡಿ ಇರುತ್ತವೆ. ಅಂಕಿಗಳ ಪುಟಸಂಖ್ಯೆ ಆಮೇಲೆ, ಮೊದಲ ಪಾಠದಿಂದ ಶುರುವಾಗುತ್ತದೆ. ಆದರೆ ತಂತ್ರಾಂಶವು ಹೊದಿಕೆಯನ್ನೇ ಒಂದನೆಯ ಪುಟವೆಂದು ಎಣಿಸುತ್ತದೆ. ಮುಂಭಾಗದಲ್ಲಿ 12 ಪುಟಗಳಿವೆ ಎಂದಿಟ್ಟುಕೊಂಡರೆ, ಪುಸ್ತಕದ 45ನೇ ಪುಟ ಕಡತದಲ್ಲಿ 57ನೆಯದು. 45 ಎಂದು ಹೇಳಿದರೆ ತೆರೆದುಕೊಳ್ಳುವುದು ಪುಸ್ತಕದ 33ನೇ ಪುಟ.

ಎವಿನ್ಸ್ ಈ ಎರಡು ಎಣಿಕೆಗಳಿಗೆ ಎರಡು ಬೇರೆ ಆಯ್ಕೆಗಳನ್ನು ಕೊಟ್ಟಿದೆ. --ಪೇಜ್-ಇಂಡೆಕ್ಸ್ ಎಂದರೆ ಕಡತದಲ್ಲಿನ ಕ್ರಮಸಂಖ್ಯೆ. --ಪೇಜ್-ಲೇಬಲ್ ಎಂದರೆ ಪುಟಕ್ಕೆ ಕೊಟ್ಟ ಹೆಸರು. ಪಿಡಿಎಫ್ ತಯಾರಿಸಿದವರು ಮುದ್ರಿತ ಸಂಖ್ಯೆಗಳನ್ನು ಲೇಬಲ್ ಆಗಿ ಸೇರಿಸಿದ್ದರೆ ಪುಸ್ತಕದ 45ನ್ನು ನೇರವಾಗಿ 45 ಎಂದೇ ಕರೆಯಬಹುದು. ಲೇಬಲ್ ಸೇರಿಸಿರದ ಕಡತದಲ್ಲಿ ಕ್ರಮಸಂಖ್ಯೆಯೇ ಲೇಬಲ್ ಆಗಿ ಕೆಲಸ ಮಾಡುತ್ತದೆ. ಆದ್ದರಿಂದ ಕಡತವನ್ನು ಮೊದಲ ಸಲ ತೆರೆದಾಗಲೇ ವ್ಯತ್ಯಾಸ ಎಷ್ಟೆಂದು ಎಣಿಸಿ, ಪಾಠಯೋಜನೆಯ ತಲೆಭಾಗದಲ್ಲಿ ಬರೆದಿಟ್ಟುಕೊಳ್ಳಿ. ಪುಸ್ತಕ ಮರುಮುದ್ರಣವಾಗಿ ಹೊಸ ಕಡತ ಬಂದರೆ ಮತ್ತೊಮ್ಮೆ ಎಣಿಸಬೇಕು.

ಕನ್ನಡ ಪದ ಹುಡುಕುವಾಗ

ಪುಟಸಂಖ್ಯೆಯ ಗೊಡವೆಯೇ ಬೇಡ, 'ಕೋಶಕೇಂದ್ರ' ಎಂದು ಹುಡುಕಿಸಿದರಾಯಿತು ಎನಿಸಬಹುದು. ಇಂಗ್ಲಿಷ್ ಮಾಧ್ಯಮದ ಪುಸ್ತಕದಲ್ಲಿ ಇದು ಸಾಮಾನ್ಯವಾಗಿ ನಡೆಯುತ್ತದೆ. ಕನ್ನಡದಲ್ಲಿ ಹಲವು ಸಲ ನಡೆಯುವುದಿಲ್ಲ. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಅಚ್ಚಿಗೆ ಜೋಡಿಸಿದ ಪುಸ್ತಕಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ನಾವು ಟೈಪ್ ಮಾಡಿದ ಯೂನಿಕೋಡ್ ಪದ ಅಲ್ಲಿ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಒಳಗಿರುವುದು ಬರೀ ಚಿತ್ರ. ಯೂನಿಕೋಡ್‌ನಲ್ಲೇ ಸಿದ್ಧವಾದ ಕಡತಗಳಲ್ಲೂ ಒತ್ತಕ್ಷರಗಳ ಕ್ರಮ ಅಡ್ಡಾದಿಡ್ಡಿಯಾಗಿ ಹುಡುಕಾಟ ತಪ್ಪುವುದುಂಟು.

ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲನ್ನು ಕಾಪಿ ಮಾಡಿ ಟೆಕ್ಸ್ಟ್ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ. ಅದು ಕನ್ನಡವಾಗಿಯೇ ಬಂದರೆ ಹುಡುಕಾಟವನ್ನು ಪ್ರಯತ್ನಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಪುಟಸಂಖ್ಯೆಯನ್ನೇ ನಂಬಿ.

ತೆರೆಯುವುದು ಮತ್ತು ನಡೆಸುವುದು

ಒಂದು ಪಾಠದಲ್ಲಿ ಮೂರು ಪುಟ ತೋರಿಸಬೇಕಿದ್ದರೆ ಮೂರು ಕಮಾಂಡ್ ಬೇಕು. ಪ್ರತಿ ಸಲವೂ ಹೊಸ ವಿಂಡೋ ತೆರೆದುಕೊಂಡರೆ ಪರದೆಯಲ್ಲಿ ಗೊಂದಲವಾಗುತ್ತದೆ. ಈಗಾಗಲೇ ತೆರೆದಿರುವ ವಿಂಡೋಗೇ ಹೊಸ ಕಮಾಂಡ್ ತಲುಪಿಸುವ ಏರ್ಪಾಡು ಕೆಲವು ತಂತ್ರಾಂಶಗಳಲ್ಲಿದೆ. ಸುಮಾತ್ರಾದಲ್ಲಿ -ರೀಯೂಸ್-ಇನ್‌ಸ್ಟನ್ಸ್, ಆಕ್ಯುಲರ್‌ನಲ್ಲಿ --ಯೂನಿಕ್, ಹಳೆಯದಾದ ಎಕ್ಸ್‌ಪಿಡಿಎಫ್‌ನಲ್ಲಿ -ರಿಮೋಟ್ ಈ ಕೆಲಸಕ್ಕೇ ಇವೆ. ಲಿನಕ್ಸ್‌ನಲ್ಲಿ ತಂತ್ರಾಂಶಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿ-ಬಸ್ ಎಂಬ ವ್ಯವಸ್ಥೆಯ ಮೂಲಕ ಆಕ್ಯುಲರ್‌ಗೆ ಇಂಥ ಪುಟಕ್ಕೆ ಹೋಗು, ಮುಂದಿನ ಪುಟ ತೋರಿಸು ಎಂದು ಹೊರಗಿನಿಂದಲೂ ಹೇಳಬಹುದು.

ತರಗತಿಯಲ್ಲಿ ಟೈಪ್ ಮಾಡುವುದು ಬೇಡ

ಮಕ್ಕಳ ಮುಂದೆ ಟರ್ಮಿನಲ್ ತೆರೆದು ಟೈಪ್ ಮಾಡುತ್ತ ಕೂತರೆ, ಮೌಸ್‌ನಲ್ಲಿ ಹೋದ ಹೊತ್ತು ಕೀಬೋರ್ಡಿನಲ್ಲಿ ಹೋಗುತ್ತದೆ. ಕಮಾಂಡ್‌ಗಳನ್ನು ಮೊದಲೇ ಕೀಲಿಗಳಿಗೆ ಜೋಡಿಸಿಡಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕಸ್ಟಮ್ ಶಾರ್ಟ್‌ಕಟ್ ಸೇರಿಸಿ, ಕಂಟ್ರೋಲ್-ಆಲ್ಟ್-1 ಒತ್ತಿದರೆ ಮೊದಲ ಕಮಾಂಡ್, 2 ಒತ್ತಿದರೆ ಎರಡನೆಯದು ಎಂದು ಗೊತ್ತುಮಾಡಬಹುದು. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಮಾಡಿ, ಅದರ ಪ್ರಾಪರ್ಟೀಸ್‌ನ ಟಾರ್ಗೆಟ್ ಜಾಗದಲ್ಲಿ ಕಮಾಂಡ್ ಬರೆದು, ಶಾರ್ಟ್‌ಕಟ್ ಕೀ ಕೊಡಬಹುದು. ಎರಡರಲ್ಲೂ ಕಡತದ ಹೆಸರಿನ ಜೊತೆ ಅದು ಇರುವ ಫೋಲ್ಡರಿನ ಪೂರ್ಣ ವಿಳಾಸ ಕೊಡಬೇಕು. ವಿಳಾಸದಲ್ಲಿ ಖಾಲಿ ಜಾಗವಿದ್ದರೆ ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು.

ಪಾಠಯೋಜನೆಯಲ್ಲಿ ನಮೂದು

ಬೋಧನೋಪಕರಣದ ಕಾಲಂನಲ್ಲಿ ಬರೀ 'ಪ್ರೊಜೆಕ್ಟರ್, ಪಿಡಿಎಫ್' ಎಂದು ಬರೆದರೆ ಮಾರ್ಗದರ್ಶಿ ಶಿಕ್ಷಕರಿಗೆ ಏನೂ ತಿಳಿಯದು. ಜೀವಕೋಶದ ಪಾಠಕ್ಕೆ ಹೀಗೆ ಬರೆಯಬಹುದು:

ಕೀಲಿ 1: ಪುಸ್ತಕದ ಪುಟ 45, ಕಡತದಲ್ಲಿ 57. ಈರುಳ್ಳಿ ಪೊರೆಯ ಚಟುವಟಿಕೆ. ಚಟುವಟಿಕೆಯ ಸೂಚನೆ ಕೊಡುವಾಗ.

ಕೀಲಿ 2: ಪುಟ 48, ಕಡತದಲ್ಲಿ 60. ಭಾಗಗಳನ್ನು ಗುರುತಿಸಿದ ಚಿತ್ರ. ಮಕ್ಕಳೆಲ್ಲರೂ ತಮ್ಮ ಚಿತ್ರ ಮುಗಿಸಿದ ಮೇಲೆ ಮಾತ್ರ.

ಕೀಲಿ 3: ಪುಟ 53, ಕಡತದಲ್ಲಿ 65. ಮೌಲ್ಯಮಾಪನದ ಪ್ರಶ್ನೆಗಳು.

ಎರಡನೆಯ ಸಾಲಿನ 'ಮಾತ್ರ' ಎಂಬ ಪದವನ್ನು ಗಮನಿಸಿ. ಒಂದು ಪುಟವನ್ನು ಏಕೆ ತಡೆಹಿಡಿಯಬೇಕೆಂದು ಬೋಧಕರು ಯೋಚಿಸಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಹೀಗೆ ಬರೆಯಲು ಕೂತಾಗ ಕೆಲವು ಪುಟಗಳು ಬೇಕಾಗಿಯೇ ಇರಲಿಲ್ಲ ಎಂಬುದೂ ತಿಳಿಯುತ್ತದೆ. ಮಕ್ಕಳ ಕೈಯಲ್ಲೇ ಪುಸ್ತಕವಿರುವಾಗ ಬರೀ ಓದುವ ಪುಟವನ್ನು ಗೋಡೆಯ ಮೇಲೆ ತೋರಿಸಬೇಕಿಲ್ಲ. ಮತ್ತೆ ಮತ್ತೆ ತಿದ್ದಿ ಬೆಳೆಸಬೇಕಾದ ಚಿತ್ರಕ್ಕೆ ಕಪ್ಪುಹಲಗೆಯೇ ಲೇಸು. ವಿದ್ಯುತ್ ಹೋದರೂ ಪಾಠ ನಿಲ್ಲದಂತೆ ಎರಡನೆಯ ಕೀಲಿಯ ಚಿತ್ರಕ್ಕೆ ಒಂದು ಚಾರ್ಟ್ ಜೊತೆಗಿರಲಿ.

ಅಭ್ಯಾಸಕ್ಕೆ

ನಿಮ್ಮ ಮುಂದಿನ ಪಾಠಕ್ಕೆ ಮೂರಕ್ಕಿಂತ ಹೆಚ್ಚಿಲ್ಲದಂತೆ ಪುಟಗಳನ್ನು ಆರಿಸಿ. ಪುಸ್ತಕದ ಪುಟಕ್ಕೂ ಕಡತದ ಪುಟಕ್ಕೂ ಇರುವ ವ್ಯತ್ಯಾಸವನ್ನು ಎಣಿಸಿ. ಕೀಲಿಗಳನ್ನು ಜೋಡಿಸಿ, ಸಹಪಾಠಿಯೊಬ್ಬರನ್ನು ಕೂರಿಸಿಕೊಂಡು ಸೂಕ್ಷ್ಮ ಬೋಧನೆಯಲ್ಲಿ ಪ್ರಯೋಗಿಸಿ. ನೀವು ಎಷ್ಟು ಸಲ ಗಣಕದ ಕಡೆ ತಿರುಗಿದಿರಿ, ಯೋಜನೆಯಲ್ಲಿಲ್ಲದ ಯಾವ ಪುಟ ಪರದೆಯ ಮೇಲೆ ಬಂತು ಎಂದು ಅವರು ಗುರುತು ಹಾಕಿಕೊಳ್ಳಲಿ. ಎರಡನೆಯ ಪ್ರಶ್ನೆಗೆ ಉತ್ತರ 'ಯಾವುದೂ ಇಲ್ಲ' ಎಂದಾಗುವವರೆಗೆ ಅಭ್ಯಾಸ ಮಾಡಿ, ಆಮೇಲೆ ತರಗತಿಗೆ ಹೋಗಿ.