ಆರಿದ ದೀಪದ ಅರ್ಥ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ಟ್ರ್ಯಾಕ್ಟರ್ ಓಡುವುದಿಲ್ಲ. ನಿಂತಲ್ಲಿಯೇ ನಿಂತು, ಎಂಜಿನ್ನಿನ ತಿರುಗುಬಲವನ್ನು ಹೊರಗಿನ ಯಂತ್ರಕ್ಕೆ ಸಾಗಿಸುವ ಪಿಟಿಒ ಎಂಬ ದಂಡದ ಮೂಲಕ ಒಕ್ಕುವ ಯಂತ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತದೆ. ಹಾರುವ ಹೊಟ್ಟು, ರವದಿಯ ಚೂರು, ದೂಳು ರೇಡಿಯೇಟರಿನ ಜಾಲರಿಗೆ ಅಂಟಿ ಗಾಳಿಯ ದಾರಿಯನ್ನು ಮುಚ್ಚುವುದರಿಂದ, ಫ್ಯಾನ್ ಎಷ್ಟು ಎಳೆದರೂ ನೀರಿನ ಕಾವು ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಚಾಲಕ ಸೀಟಿನ ಮೇಲೆ ಇರುವುದೂ ಅಪರೂಪವಾದ್ದರಿಂದ ಮೀಟರಿನ ಫಲಕ ಏನು ತೋರಿಸಿದರೂ ನೋಡುವವರಿರುವುದಿಲ್ಲ.

ಆ ಫಲಕದಲ್ಲಿ ಎಲ್ಲಕ್ಕಿಂತ ಸರಳವಾದುದೂ ಗಂಭೀರವಾದುದೂ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಮತ್ತು ಅದನ್ನು ಹೊತ್ತ ಬೇರಿಂಗುಗಳ ನಡುವೆ ಪಂಪು ಒತ್ತಿ ಕಳಿಸುವ ಎಣ್ಣೆಯ ಪದರವಿದ್ದು, ಕೂದಲೆಳೆಗಿಂತ ತೆಳುವಾದ ಆ ಪದರದ ಮೇಲೆಯೇ ಶಾಫ್ಟು ಲೋಹಕ್ಕೆ ತಾಗದೆ ತಿರುಗುತ್ತದೆ. ಎಣ್ಣೆಯ ದಾರಿಯಲ್ಲಿ ಕೂರಿಸಿದ ಸ್ವಿಚ್ಚಿನೊಳಗೆ ಒಂದು ಪೊರೆ, ಒಂದು ಸ್ಪ್ರಿಂಗ್ ಇರುತ್ತವೆ: ಒತ್ತಡವಿಲ್ಲದಾಗ ಸ್ಪ್ರಿಂಗ್ ವಿದ್ಯುತ್ ಸಂಪರ್ಕವನ್ನು ಕೂಡಿಸಿ ದೀಪ ಉರಿಸುತ್ತದೆ, ಒತ್ತಡ ಏರಿದೊಡನೆ ಎಣ್ಣೆಯೇ ಪೊರೆಯನ್ನು ತಳ್ಳಿ ಸಂಪರ್ಕ ಬಿಡಿಸುತ್ತದೆ. ಆದ್ದರಿಂದ ಕೀಲಿ ತಿರುಗಿಸಿದಾಗ ಉರಿದು, ಎಂಜಿನ್ ಚಾಲೂ ಆದೊಡನೆ ಆರಿದ ದೀಪವನ್ನಷ್ಟೇ ನಂಬಬಹುದು. ಮೊದಲೇ ಉರಿಯದ ದೀಪದ ಬಲ್ಬು ಸುಟ್ಟಿರಬಹುದು, ತಂತಿ ಕಳಚಿರಬಹುದು, ಅದರ ಮೌನದಿಂದ ಎಣ್ಣೆಯ ಸ್ಥಿತಿ ತಿಳಿಯುವುದಿಲ್ಲ. ಕೆಲಸದ ನಡುವೆ ಅದು ಹೊತ್ತಿಕೊಂಡರೆ ಒಂದು ಸಾಲು ಮುಗಿಸಿ ನೋಡೋಣ ಎನ್ನುವಷ್ಟು ವೇಳೆಯಿಲ್ಲ, ಲೋಹಕ್ಕೆ ಲೋಹ ಉಜ್ಜಿ ನಿಮಿಷಗಳಲ್ಲಿ ಎಂಜಿನ್ ಸೀಜ್ ಆಗಬಹುದು.

ಕಾವು ತೋರಿಸುವ ಮುಳ್ಳು ಇಷ್ಟು ಪ್ರಾಮಾಣಿಕವಲ್ಲ. ಅದರ ಸಂವೇದಕ, ಎಂದರೆ ಕಾವನ್ನು ಗ್ರಹಿಸುವ ಬಿಡಿಭಾಗ, ನೀರಿನಲ್ಲಿ ಮುಳುಗಿದ್ದರಷ್ಟೇ ಸರಿಯಾಗಿ ಅಳೆಯಬಲ್ಲದು; ಪೈಪು ಒಡೆದು ನೀರೆಲ್ಲ ಸೋರಿಹೋದಾಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ರೇಡಿಯೇಟರಿನ ಮುಚ್ಚಳವಾದರೋ ಒತ್ತಡವನ್ನು ಹಿಡಿದಿಟ್ಟು, 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ನೀರು ಕುದಿಯದಂತೆ ತಡೆಯುತ್ತದೆ. ಬಿಸಿಯಿದ್ದಾಗ ಅದನ್ನು ತೆರೆದರೆ ಒತ್ತಡ ಒಮ್ಮೆಲೇ ಇಳಿದು ಕುದಿನೀರು ಮುಖಕ್ಕೆ ಸಿಡಿಯುತ್ತದೆ.

ಕೆಂಪೆಂದರೆ ನಿಲ್ಲಿಸು, ಹಳದಿಯೆಂದರೆ ಬೇಗ ಪರೀಕ್ಷಿಸು ಎಂಬ ಬಣ್ಣದ ಭಾಷೆ ಹಾನಗಲ್ಲಿನ ಟ್ರ್ಯಾಕ್ಟರಿಗೂ ಶಿಗ್ಗಾಂವಿಯ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾಯುವ ಲಾರಿಗೂ ಒಂದೇ. ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಯುವ ಲಾರಿಗಳಲ್ಲಿ ಟ್ಯಾಂಕಿನ ಗಾಳಿ ಇಳಿದಾಗ ಬಜರ್ ಕೂಗುತ್ತದೆ. ಕಿರಿಕಿರಿಯೆಂದು ಅದರ ವೈರು ಕಿತ್ತರೆ ನಿಲ್ಲುವುದು ಸದ್ದು ಮಾತ್ರ, ಗಾಳಿಯ ಸೋರಿಕೆಯಲ್ಲ.

ಒಕ್ಕಣೆಯ ನಡುನಡುವೆ ಎಂಜಿನ್ ನಿಲ್ಲಿಸಿ ಜಾಲರಿಯ ಹೊಟ್ಟನ್ನು ಕೊಡವಬೇಕು, ಬೆಳಿಗ್ಗೆ ಚಾಲೂ ಮಾಡುವ ಮುನ್ನ ಕೀಲಿ ತಿರುಗಿಸಿ ಕೆಂಪು ದೀಪ ಉರಿಯುವುದನ್ನು ನೋಡಬೇಕು. ಉರಿಯದಿದ್ದರೆ ಆ ದಿನದ ಮೊದಲ ಕೆಲಸ ಬಲ್ಬು ಮತ್ತು ತಂತಿಯನ್ನು ಸರಿಪಡಿಸುವುದು.